ಕೊಯ್ಯದೆ ಬಿಟ್ಟ ದವನದ ಸಾಲು

ಮೊನ್ನೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಪೂಜೆಗೆಂದು ಸೇವಂತಿಗೆ ಕೊಳ್ಳುತ್ತಿದ್ದೆ. ಹೂವಿನಾಕೆ ಮೊಳ ಹಾಕಿ, ಬಾಳೆಲೆಯಲ್ಲಿ ಸುತ್ತಿ, ಏನೋ ನೆನಪಾದವಳಂತೆ ಬುಟ್ಟಿಯ ಮೂಲೆಗೆ ಕೈ ಹಾಕಿ ನಾಲ್ಕು ಕಡ್ಡಿ ದವನ ತೆಗೆದು ಮೇಲಿಟ್ಟಳು. "ಇರ್ಲಿ ತಗೊಳ್ಳಿ ಆಂಟಿ, ಈಗಷ್ಟೇ ಬಂತು" ಎಂದಳು. ಚೌಕಾಸಿಗೆ ತಯಾರಾಗಿ ನಿಂತಿದ್ದ ನಾನು ಕೇಳಿದಷ್ಟು ಕೊಟ್ಟುಬಿಟ್ಟೆ. ಒಂದು ಕಡ್ಡಿಯನ್ನು ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿದೆ. ಪಕ್ಕದಲ್ಲಿ ಆಟೋದವನು ಹಾರ್ನು ಹೊಡೆಯುತ್ತಿದ್ದ, ಯಾರೋ ತರಕಾರಿ ಚೀಲವನ್ನು ನನ್ನ ಬೆನ್ನಿಗೆ ತಾಗಿಸಿಕೊಂಡು ದಾಟಿ ಹೋದರು... ನಾನು ಮಾತ್ರ ಕೆಂಗೇರಿಯ ಒಂದು ಹಿತ್ತಲಿನಲ್ಲಿ, ಚಳಿಗೆ ಶಾಲು ಹೊದ್ದು, ಒಬ್ಬ ದಪ್ಪನೆಯ ಹೆಂಗಸಿನ ಮುಂದೆ ಪಾಠ ಒಪ್ಪಿಸುವವಳ ಹಾಗೆ ನಿಂತಿದ್ದೆ.

ಮೈಸೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ಎದ್ದಿರದ ಕಾಲ ಅದು. ಗದಗಿನ ಕಡೆಯಿಂದ ಬಂದ ನಾನು ಕೆಂಗೇರಿಯ ಹಳೇ ಊರಿನೊಳಗೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆ. ಸಾಲಾಗಿ ಕಟ್ಟಿಸಿದ್ದ ಅಂಥ ಮನೆಗಳೆಲ್ಲ ಆ ದಪ್ಪನೆಯ ಹೆಂಗಸಿನವೇ. ಅವರ ಹೆಸರು ನಮಗೆಲ್ಲ ಗೊತ್ತಿತ್ತು, ಆದರೆ ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗಿತ್ತು? ಓನರಮ್ಮ ಎನ್ನುತ್ತಿದ್ದೆವು. ಅವರ ಗಂಡನನ್ನು, ಅವರ ಬೆನ್ನ ಹಿಂದೆ, ಓನರಪ್ಪ ಎನ್ನುತ್ತಿದ್ದೆವು. ಓನರಮ್ಮ ಬಾಡಿಗೆ ತಡವಾದರೆ ಸುಮ್ಮನಿರುತ್ತಿದ್ದರು, ನೀರು ಪೋಲಾದರೆ ಮಾತ್ರ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದರು. ಬಾಯಲ್ಲಿ ಸದಾ ಎಲೆಅಡಿಕೆ. ನಾನು ಬಂದ ಹೊಸತರಲ್ಲಿ, ಬೆಳಿಗ್ಗೆ ಆರಕ್ಕೇ ಮೋಟಾರು ಹಾಕಿ "ಯಾರೇ ಅದು, ನಲ್ಲಿ ಬಿಟ್ಟಿರೋಳು!" ಎಂದು ಅವರು ಕೂಗಿದರೆ, ನಲ್ಲಿ ಬಿಡದಿದ್ದರೂ ನನ್ನೆದೆ ಧಸಕ್ಕೆನ್ನುತ್ತಿತ್ತು.

ಅವರ ಹೊಲಗಳೆಲ್ಲ ಲೇಔಟಿಗೆ ಹೋಗಿ, ಸೈಟಾಗಿ, ಮನೆಗಳಾಗಿದ್ದವು. ಉಳಿದಿದ್ದು ನಮ್ಮ ಸಾಲುಮನೆಗಳ ಹಿಂದೆ, ಹಳೇ ಬಾವಿಯ ಪಕ್ಕದ ಒಂದು ಕೆಮ್ಮಣ್ಣಿನ ತುಂಡು. ಅಲ್ಲಿ ಅವರು ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ದವನ ಬೆಳೆಯುತ್ತಿದ್ದರು. ಹಿಂದೆ ಎಕರೆಗಟ್ಟಲೆ ಬೆಳೆದು ಎಣ್ಣೆ ತೆಗೆದು ಮಾರುತ್ತಿದ್ದ ಮನೆಯಂತೆ. ಈಗ ಅದರ ಅಗತ್ಯವೇನೂ ಇರಲಿಲ್ಲ. "ಸೈಟು ಮಾಡಿದ್ರೆ ಆರಾಮಾಗಿ ಕೂತ್ಕೊಂಡು ತಿನ್ಬೋದು" ಎಂದು ಓನರಪ್ಪ ಗೊಣಗುತ್ತಿದ್ದರು. "ಈಗೇನು ನಿಂತ್ಕೊಂಡು ತಿಂತಿದೀರಾ?" ಎಂದು ಓನರಮ್ಮ ಬಾಯಿ ಮುಚ್ಚಿಸುತ್ತಿದ್ದರು.

ನನ್ನ ಕೆಲಸವೂ ವಾಸನೆಯದೇ. ಮಾಗಡಿ ರಸ್ತೆಯ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಬತ್ತಿ ಹೊಸೆಯಲು ಸೇರಿದವಳನ್ನು, ಮೂಗು ಚುರುಕಾಗಿದೆ ಎಂದು ಸಾಹುಕಾರರೇ ಸೆಂಟ್ ರೂಮಿಗೆ ಹಾಕಿದ್ದರು. ಬಂದ ಎಣ್ಣೆಗಳನ್ನು ಕಾಗದದ ಪಟ್ಟಿಗೆ ಅದ್ದಿ ಮೂಸಿ, ಇದು ಹಳೆಯದರ ಹಾಗಿದೆ, ಇದರಲ್ಲಿ ಏನೋ ಬೆರೆತಿದೆ ಎಂದು ಹೇಳುವುದು. ಹತ್ತನೇ ಕ್ಲಾಸು ಫೇಲಾಗಿದ್ದ ನನ್ನ ಮಾತಿಗೆ ದೊಡ್ಡವರು ಕಿವಿಗೊಡುತ್ತಿದ್ದ ಜಾಗ ಇಡೀ ಜಗತ್ತಿನಲ್ಲಿ ಅದೊಂದೇ ಆಗಿತ್ತು. ಊರಿಗೆ ಹೋದಾಗ ಅವ್ವ "ನಮ್ಮ ಹುಡುಗಿ ಮೂಗಿನಿಂದ ದುಡೀತಾಳ" ಎಂದು ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ನೆಗಡಿ ಬಿಟ್ಟಿತು, ನಾನು ಬಸ್ಸು ಹತ್ತಿದೆ. ಕೆಂಗೇರಿಯಿಂದ ಬರುವ ಬಸ್ಸುಗಳೆಲ್ಲ ಊರ ಕೊಳಚೆಯೆಲ್ಲ ಹರಿಯುವ ವೃಷಭಾವತಿ ಹೊಳೆಯ ಪಕ್ಕದಲ್ಲೇ ಸಾಗಬೇಕು. ಆ ನೀರಿನ ನಾತ ಗೊತ್ತಿದ್ದವರಿಗೆ ಗೊತ್ತು. ಕಿಟಕಿ ಪಕ್ಕದವರು ಕರವಸ್ತ್ರ ತೆಗೆದರು, ಹೆಂಗಸರು ಸೆರಗು ಮುಚ್ಚಿಕೊಂಡರು, ಕಂಡಕ್ಟರ್ ಕೂಡ ಮುಖ ಕಿವುಚಿದ. ನಾನೊಬ್ಬಳೇ ಗಾಳಿ ಚೆನ್ನಾಗಿದೆ ಎಂದು ಮುಖ ಹೊರಗಿಟ್ಟು ಕುಳಿತಿದ್ದೆ. ಪಕ್ಕದಾಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. ಆಗ ತಿಳಿಯಿತು... ನನ್ನ ಮೂಗಿಗೆ ಏನೂ ಬರುತ್ತಿರಲಿಲ್ಲ.

ಸಾಹುಕಾರರಿಗೆ ಅಂದೇ ಹೇಳಿಬಿಟ್ಟೆ. ಒಳ್ಳೆಯ ಮನುಷ್ಯ. ಕಿವಿ ಮೂಗಿನ ಡಾಕ್ಟರ ಹತ್ತಿರ ಅವರೇ ಕಳಿಸಿದರು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಬಂದರೂ ಬರಬಹುದು, ಬಾರದೆಯೂ ಇರಬಹುದು, ಕಾಯಿರಿ ಎಂದರು. "ನೋಡಮ್ಮ, ಯುಗಾದಿ ತನಕ ಪ್ಯಾಕಿಂಗ್‌ನಲ್ಲಿರು. ಹಬ್ಬ ಕಳೆದ್ಮೇಲೆ ಹೊಸ ಎಣ್ಣೆ ಬರುತ್ತೆ. ಅಷ್ಟೊತ್ತಿಗೂ ಮೂಗು ಬರ್ದಿದ್ರೆ ಆ ರೂಮಿಗೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ" ಎಂದರು ಸಾಹುಕಾರರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸಂಜೆ ಮನೆಗೆ ಬಂದು ಬಾವಿಕಟ್ಟೆಯ ಮೇಲೆ ಕುಳಿತು ಅತ್ತೆ.

ಓನರಮ್ಮ ದವನದ ಪೈರು ನಾಟಿ ಮಾಡಿಸಿ, ಕೈಕಾಲು ತೊಳೆಯಲು ಬಾವಿಗೆ ಬಂದಿದ್ದರು. ನಾನು ಅಳುವುದನ್ನು ನೋಡಿ ಮೊದಲು ಅವರು ಕೇಳಿದ್ದು "ಏನೇ, ಯಾರಾದ್ರೂ ಹುಡುಗ ಕೈಕೊಟ್ನಾ?" ಎಂದು. ವಿಷಯ ಹೇಳಿದೆ. ನಂಬಲಿಲ್ಲ. ಒಳಗೆ ಹೋಗಿ ಇಂಗಿನ ಡಬ್ಬ ತಂದು ಮೂಗಿಗೆ ಹಿಡಿದರು. ಆಮೇಲೆ ಸೀಮೆಎಣ್ಣೆ ಬಾಟಲಿ, ಆಮೇಲೆ ಓನರಪ್ಪನ ಬೆವರಿನ ಬನಿಯನ್ನು.

"ಏನೂ ಬರವಲ್ದ್ರಿ ಅಮ್ಮಾರ" ಎಂದೆ.

"ಈ ಬನಿಯನ್ನೂ ಬರಲ್ಲ ಅಂದ್ರೆ ಸತ್ಯನೇ ಬಿಡು" ಎಂದರು. ಬನಿಯನ್ನನ್ನು ಹೆಗಲಿಗೆ ಹಾಕಿಕೊಂಡು, "ನಾಳೆಯಿಂದ ಬಸ್ಸಿಗೆ ಹೋಗೋ ಮುಂಚೆ ಹಿತ್ತಲಿಗೆ ಬಾ" ಎಂದರು.

ಹೀಗೆ ಶುರುವಾಯಿತು. ಬಾವಿಗೆ ಹತ್ತಿರದ ಒಂದು ಸಾಲನ್ನು ಅವರು ನನಗೆಂದು ಗೊತ್ತು ಮಾಡಿದರು. ದಿನಾ ಬೆಳಿಗ್ಗೆ ಅದೇ ಸಾಲಿನಿಂದ ಒಂದು ಕುಡಿ ಚಿವುಟಿ, ಅಂಗೈಯಲ್ಲಿ ಉಜ್ಜಿ, ನನ್ನ ಮೂಗಿಗೆ ಹಿಡಿದು "ಹೇಳು" ಎನ್ನುತ್ತಿದ್ದರು. ನಾನು ತಲೆಯಲ್ಲಾಡಿಸುತ್ತಿದ್ದೆ. ಆಗ ಅವರು ತಾವು ಮೂಸಿ, ಅಂದಿನ ವಾಸನೆ ಏನೆಂದು ಬಾಯಿಂದ ಹೇಳುತ್ತಿದ್ದರು. ಎಳೆಯ ಪೈರಾಗಿದ್ದಾಗ "ಬೇವಿನ ಕಡ್ಡಿ ಮುರಿದಂಗೆ. ಹಸಿ ಕಹಿ." ಸಂಕ್ರಾಂತಿಯ ಹೊತ್ತಿಗೆ "ಬೇವು ಹಂಗೇ ಐತೆ, ಹಿಂದುಗಡೆ ಒಂಚೂರು ಸಿಹಿ ಬಂದೈತೆ." ಇದು ಯಾವ ವೈದ್ಯವೋ ನನಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಯಾರು ಹೇಳಿದರು ಹೀಗೆ ಮಾಡಲು ಎಂದು ಕೇಳಿದರೆ, "ಮಕ್ಕಳಿಗೆ ಮಾತು ಹೆಂಗೆ ಬರುತ್ತೆ? ಮಾತಾಡಿಸ್ತಾ ಇದ್ರೆ ತಾನೇ ಬರೋದು" ಎಂದಿದ್ದರು. ಹೀಗಾಗಿ ಆ ಚಳಿಗಾಲವೆಲ್ಲ ನಾನು ದವನವನ್ನು ಕಿವಿಯಿಂದಲೇ ಮೂಸಿದೆ.

ಮೂಸುತ್ತ ಮೂಸುತ್ತ ಆ ಗಿಡದ ಜಾತಕವೂ ಗೊತ್ತಾಯಿತು. ದವನಕ್ಕೆ ರಾತ್ರಿಯೆಲ್ಲ ಚಳಿ ಕೊರೆಯಬೇಕು, ಬೆಳಗಿನ ಇಬ್ಬನಿ ಕೂರಬೇಕು, ಹಗಲು ಬಿಸಿಲು ಬೀಳಬೇಕು. ನೀರು ಹದವಾಗಿ ಬೇಕು. ಹೆಚ್ಚಾದರೆ ಸೊಪ್ಪು ಕೊಬ್ಬುತ್ತದೆ, ಎಣ್ಣೆ ತೆಳ್ಳಗಾಗುತ್ತದೆ. ಪಕ್ಕದ ಸೈಟಿನಲ್ಲಿ ಆ ವರ್ಷವೇ ಮೂರು ಅಂತಸ್ತಿನ ಮನೆಯೊಂದು ಎದ್ದಿತ್ತು. ಅದರ ನೆರಳು ಹಿತ್ತಲಿನ ಅರ್ಧದ ಮೇಲೆ ಬೀಳುತ್ತಿತ್ತು. ನೆರಳಿನ ಕಡೆಯ ಗಿಡಗಳೇ ಎತ್ತರವಾಗಿ, ಹಚ್ಚಗೆ ಬೆಳೆದಿದ್ದವು. ನೋಡಿದವರೆಲ್ಲ ಅವನ್ನೇ ಹೊಗಳುತ್ತಿದ್ದರು, ನಾನೂ ಹೊಗಳಿದೆ. ಓನರಮ್ಮ ಮೂತಿ ತಿರುವಿ "ಬರೀ ಮೈ ಕಣೇ. ಬಿಸ್ಲು ತಿಂದಿಲ್ಲ, ಏನೂ ಇಲ್ಲ ಅದ್ರಲ್ಲಿ" ಎಂದರು. ಬಿಸಿಲಿನ ಕಡೆಯವು ಗಿಡ್ಡ, ಬೂದು ಬಣ್ಣ, ನೋಡಲು ಏನೂ ಇಲ್ಲ. ನನ್ನ ಸಾಲು ಅಲ್ಲೇ ಇತ್ತು.

ಶಿವರಾತ್ರಿಗೆ ಮೊದಲು ಗಿಡಗಳು ಮೊಗ್ಗಾದವು. ಆಗ ಮನೆ ಮುಂದೆ ಜನವೋ ಜನ. ದೇವರ ಹಾರಕ್ಕೆ ದವನ ಬೇಕು, ಅದೂ ಹೂವು ಅರಳುವ ಮುಂಚೆಯೇ ಬೇಕು. ಓನರಮ್ಮ ಎಲ್ಲರಿಗೂ ನೆರಳಿನ ಕಡೆಯದನ್ನೇ ಕಿತ್ತು ಕೊಟ್ಟು ಕಳಿಸುತ್ತಿದ್ದರು. "ಶಿವಂಗೆ ಹಸ್ರಾಗಿದ್ರೆ ಸಾಕು, ಬಾಟ್ಲಿಗೆ ತುಂಬ್ತಾನಾ?" ಎನ್ನುವುದು ಅವರ ಸಮಾಧಾನ. ಎಣ್ಣೆಗೆ ಬೇಕಾದ್ದು ಮಾತ್ರ ಹೂವು ಪೂರ್ತಿ ಅರಳುವ ತನಕ ನಿಲ್ಲಬೇಕು. ಮೊಗ್ಗಿನಲ್ಲಿ ಕೊಯ್ದರೆ ಬೇವಿನ ಕಡ್ಡಿ, ಅರಳಿದ ಮೇಲೆ ಕೊಯ್ದರೆ ಹಲಸಿನ ತೊಳೆ ಬಿಡಿಸಿದ ವಾಸನೆ, ಇನ್ನೂ ಬಿಟ್ಟು ಬೀಜ ಕಟ್ಟಿತೋ ಬರೀ ಒಣಹುಲ್ಲು ಎಂದು ಅವರು ಆ ಚಳಿಗಾಲವೆಲ್ಲ ಹೇಳುತ್ತಿದ್ದರು. ನಡುವೆ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಮಳೆ ಬಿದ್ದರೆ ಮುಗಿಯಿತು ಕಥೆ, ಹೂವಿನಲ್ಲಿ ಇದ್ದದ್ದೆಲ್ಲ ತೊಳೆದು ಹೋಗುತ್ತದೆ.

ಆ ವರ್ಷ ಅರ್ಧ ಹೂವು ಅರಳಿದ್ದಾಗಲೇ ಮೋಡ ಕವಿಯಿತು. ಓನರಪ್ಪ ದಿನವಿಡೀ ಆಕಾಶ ನೋಡುತ್ತ "ಕೊಯ್ದುಬಿಡೇ, ಬೀಳುತ್ತೆ ಇವತ್ತು" ಎನ್ನುತ್ತಿದ್ದರು. ಓನರಮ್ಮ "ಇನ್ನೂ ಆಗಿಲ್ಲ" ಎನ್ನುತ್ತಿದ್ದರು. ಕೊನೆಗೆ ಅವರ ಧೈರ್ಯವೂ ಸಾಲಲಿಲ್ಲ. ಆಳುಗಳನ್ನು ಕರೆಸಿ, ಇಬ್ಬನಿ ಆರಿದ ಮೇಲೆ ಕೊಯ್ಲು ಶುರು ಮಾಡಿಸಿದರು. ಎಲ್ಲ ಸಾಲುಗಳನ್ನೂ ಕೊಯ್ದರು, ಬಾವಿ ಪಕ್ಕದ ನನ್ನ ಸಾಲೊಂದನ್ನು ಬಿಟ್ಟು. ಆಳು ಅಲ್ಲಿಗೆ ಕುಡುಗೋಲು ಇಟ್ಟಾಗ "ಏಯ್, ಅದು ಬ್ಯಾಡ. ಆ ಹುಡ್ಗಿದು" ಎಂದದ್ದು ನನಗೆ ನನ್ನ ಕೋಣೆಯೊಳಗೇ ಕೇಳಿಸಿತು. ಬಿಸಿಲಿನ ಸಾಲು, ಇದ್ದುದರಲ್ಲೇ ಒಳ್ಳೆಯ ಸಾಲು. ಬ್ಯಾಡ್ರಿ ಅಮ್ಮಾರ, ಕೊಯ್ಯಿಸಿಬಿಡ್ರಿ ಎಂದು ಓಡಿ ಹೋಗಿ ಹೇಳಿದೆ. "ನಿನ್ನ ಕೇಳಿದ್ನಾ?" ಎಂದರು ಅಷ್ಟೇ.

ಕೊಯ್ದದ್ದನ್ನು ನೆರಳಿನಲ್ಲಿ ಬಾಡಿಸಿ, ಬಾವಿ ಹಿಂದಿನ ಕೊಪ್ಪರಿಗೆಗೆ ತುಂಬಿ ಬೆಂಕಿ ಹಾಕಿದರು. ಹಬೆ ಕೊಳವೆಯಲ್ಲಿ ಹರಿದು, ತಣ್ಣೀರಿನ ತೊಟ್ಟಿಯಲ್ಲಿ ತಣಿದು, ತೊಟ್ಟು ತೊಟ್ಟಾಗಿ ಇಳಿಯಬೇಕು. ಆಗಲೇ ಒಂದು ತಮಾಷೆ ನಡೆಯಿತು. ಮೂರಂತಸ್ತಿನ ಮನೆಯ ಹೊಸ ಒಕ್ಕಲಿನವರು ಮೇಲಿಂದ ಹೊಗೆ, ಕೊಪ್ಪರಿಗೆ, ಕೊಳವೆ ಎಲ್ಲ ನೋಡಿ, ಇಲ್ಲಿ ಸಾರಾಯಿ ಕಾಯಿಸುತ್ತಿದ್ದಾರೆಂದು ದೂರು ಕೊಟ್ಟಿದ್ದರು. ಪೊಲೀಸಪ್ಪ ಒಬ್ಬ ಲಾಠಿ ಹಿಡಿದು ಬಂದ. ಓನರಮ್ಮ ಅವನ ಕೈ ಹಿಡಿದೆಳೆದು ಮಣಿಕಟ್ಟಿಗೆ ಒಂದು ಹನಿ ಹಚ್ಚಿ "ಮೂಸಿ ನೋಡಪ್ಪಾ, ಏರುತ್ತಾ ಅಂತ" ಎಂದರು. ಅವನು ನಾಚಿ, ಮೂಸಿ, ಹೋಗುವಾಗ ಹೆಂಡತಿಗೆಂದು ಎರಡು ಕಡ್ಡಿ ಕೇಳಿಕೊಂಡು ಹೋದ. ಆಮೇಲೆ ಅವರು ನನ್ನ ಮಣಿಕಟ್ಟಿಗೂ ತಮ್ಮದಕ್ಕೂ ಹಚ್ಚಿಕೊಂಡು ಹೇಳಿದರು: "ಈ ಎಣ್ಣೆ ಒಬ್ಬೊಬ್ರ ಮೈಮೇಲೆ ಒಂದೊಂಥರ ಬರುತ್ತೆ ಕಣೇ. ಅವ್ನ ಮೇಲೆ ಬೇರೆ, ನಿನ್ ಮೇಲೆ ಬೇರೆ, ನನ್ ಮೇಲೆ ಬೇರೆ." ನನಗೆ ಮೂರೂ ಒಂದೇ ಆಗಿತ್ತು. ಏನೂ ಇಲ್ಲ.

ಅಂದು ಸಂಜೆ ಎಣ್ಣೆಯನ್ನು ಒಂದು ಬಾಟಲಿಗೆ ಇಳಿಸಿ, ಬಿರಡೆಯ ಮೇಲೆ ಬಟ್ಟೆ ಸುತ್ತಿ, ತಮ್ಮ ಹಳೇ ಸೀರೆಯ ಅಂಚಿನಿಂದ ಹರಿದ ಕೆಂಪು ಪಟ್ಟಿ ಬಿಗಿದು ಕಟ್ಟಿದರು. ಊದುಬತ್ತಿ ಕಾರ್ಖಾನೆಗಳಿಗೆ ಎಣ್ಣೆ ಮಾರಿಕೊಡುವ ಏಜೆಂಟ್ ಬಂದು, ಅವರು ಮೂಸಿ ನೋಡಿದ ಮೇಲೆ ದರ ಎಂದು ಹೇಳಿ ಒಯ್ದ. ಅವನು ಹೋದ ಮೇಲೆ ಓನರಮ್ಮ ಹಿತ್ತಲಿಗೆ ಹೋಗಿ, ಉಳಿದಿದ್ದ ನನ್ನ ಸಾಲನ್ನು ನೋಡಿ ಬಂದರು. ಎರಡು ದಿನ ತಡೆದಿದ್ದರೆ ಆಗುತ್ತಿತ್ತು ಎಂಬುದು ಅವರ ಸಂಕಟ. ಏಕೆಂದರೆ ಕೊಯ್ದ ಮೇಲೆ ಬಂದ ಮಳೆ ನಾಲ್ಕು ಹನಿಯಷ್ಟೇ, ಮರುದಿನ ಮತ್ತೆ ಚುರುಗುಟ್ಟುವ ಬಿಸಿಲು. ಬಾವಿ ಪಕ್ಕದ ನನ್ನ ಸಾಲು ಒಂಟಿಯಾಗಿ ನಿಂತು ಮೈತುಂಬ ಅರಳಿತು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅವರ ಅಂಗೈಯಿಂದ ಏನೋ ಬಂತು. ವಾಸನೆ ಎಂದು ಹೇಳಲಾಗದು, ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದ ಹಾಗೆ... ಎರಡು ದಿನ ಬಿಟ್ಟು ಸ್ವಲ್ಪ ಗಟ್ಟಿಯಾಯಿತು. "ಹಲಸಿನ ಹಣ್ರೀ!" ಎಂದು ಕೂಗಿದೆ. ಕುಣಿದಾಡುತ್ತಾರೆಂದುಕೊಂಡರೆ ಓನರಮ್ಮ ನನ್ನನ್ನೇ ದಿಟ್ಟಿಸಿ ನೋಡಿದರು.

"ನಾನು ಹೇಳ್ಕೊಟ್ಟಿದ್ದನ್ನೇ ಒಪ್ಪಿಸ್ತಾ ಇಲ್ಲ ತಾನೇ?"

ಇಲ್ಲ ಎಂದೆ. ಆದರೆ ಬಸ್ಸಿನಲ್ಲಿ ಕುಳಿತ ಮೇಲೆ ನನಗೇ ಅನುಮಾನ ಹತ್ತಿತು. ಚಳಿಗಾಲವೆಲ್ಲ ಅವರ ಬಾಯಲ್ಲಿ ಹಲಸು ಹಲಸು ಎಂದು ಕೇಳಿ ಕೇಳಿ, ಈಗ ಬಂದದ್ದು ಮೂಗಿನಿಂದಲೋ ಕಿವಿಯಿಂದಲೋ? ವೃಷಭಾವತಿಯ ಪಕ್ಕ ಬಂದಾಗ ಕಿಟಕಿಯಲ್ಲಿ ತಲೆ ಇಟ್ಟು ಜೋರಾಗಿ ಉಸಿರೆಳೆದೆ. ಏನೋ ಇದ್ದ ಹಾಗೆ, ಇಲ್ಲದ ಹಾಗೆ. ನಾತಕ್ಕಾಗಿ ದೇವರಲ್ಲಿ ಬೇಡಿಕೊಂಡವಳು ಆ ರಸ್ತೆಯಲ್ಲಿ ನಾನೊಬ್ಬಳೇ ಇರಬೇಕು.

ಯುಗಾದಿ ಕಳೆಯಿತು. ಸಾಹುಕಾರರು ಸೆಂಟ್ ರೂಮಿಗೆ ಕರೆದರು. ಹೊಸ ಎಣ್ಣೆಗಳ ಬಾಟಲಿಗಳು ಮೇಜಿನ ಮೇಲೆ ಸಾಲಾಗಿದ್ದವು, ಏಜೆಂಟ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ನನ್ನ ಕಣ್ಣು ಮೊದಲು ಹೋಗಿದ್ದು ಕೆಂಪು ಪಟ್ಟಿ ಕಟ್ಟಿದ ಬಾಟಲಿಯ ಮೇಲೆ. ಆ ಅಂಚು, ಆ ಗಂಟು ನನಗೆ ಚೆನ್ನಾಗಿ ಗೊತ್ತಿದ್ದವು. ಸಾಹುಕಾರರು ಅದನ್ನೇ ಎತ್ತಿಕೊಂಡು ಕಾಗದದ ಪಟ್ಟಿ ಅದ್ದಿ ನನ್ನ ಕೈಗೆ ಕೊಟ್ಟರು.

ದೇವರೇ, ಹಲಸು ಬರಲಿ ಎಂದುಕೊಂಡೆ. ಬಂದರೆ ಓನರಮ್ಮನ ವರ್ಷದ ಎಣ್ಣೆಯೂ ಉಳಿಯುತ್ತದೆ, ನನ್ನ ಕೆಲಸವೂ ಉಳಿಯುತ್ತದೆ. ಕಣ್ಣು ಮುಚ್ಚಿ ಮೂಸಿದೆ. ಇನ್ನೊಮ್ಮೆ ಮೂಸಿದೆ. ಬಂದದ್ದು ಹಲಸಲ್ಲ. ಹಸಿ, ಕಹಿ. ಯಾರೋ ಈಗಷ್ಟೇ ಬೇವಿನ ಕಡ್ಡಿ ಮುರಿದ ಹಾಗೆ. ಅದರ ಹಿಂದೆ ಎಲ್ಲೋ ಒಂಚೂರು ಸಿಹಿ, ಅಷ್ಟೇ. ಸಂಕ್ರಾಂತಿಯ ದಿನಗಳಲ್ಲಿ ಅವರು ಬಾಯಿಂದ ಹೇಳಿದ್ದ ವಾಸನೆ ನನಗೆ ನಿಜವಾಗಿ ಬಂದದ್ದು ಅವತ್ತು, ಆ ಕಾಗದದ ಪಟ್ಟಿಯಿಂದ.

"ಇದು ಹೂವು ಪೂರ್ತಿ ಬಿಡೂಕ ಮೊದಲ ಕೊಯ್ದದ್ದ್ರಿ. ಇನ್ನೂ ಹಸಿ ಅದ" ಎಂದೆ.

ಸಾಹುಕಾರರು ಏಜೆಂಟಿನ ಕಡೆ ತಿರುಗಿ, "ನಾನೂ ಅದೇ ಹೇಳ್ದೆ ತಾನೇ ನಿಂಗೆ?" ಎಂದರು. ಆಮೇಲೆ ನನಗೆ, "ನಾಳೆಯಿಂದ ಇಲ್ಲೇ ಬಾಮ್ಮ" ಎಂದರು. ಏಜೆಂಟ್ ಕೆಂಪು ಪಟ್ಟಿಯ ಬಾಟಲಿಯನ್ನು ಪಕ್ಕಕ್ಕೆ, ಸಾಧಾರಣ ಬತ್ತಿಗೆ ಹೋಗುವ ಎಣ್ಣೆಗಳ ಜೊತೆಗೆ ಸರಿಸಿದ. ಕಣ್ಣಲ್ಲಿ ನೀರು ತುಂಬಿತು. ಕೆಲಸ ಸಿಕ್ಕ ಖುಷಿಗೆ ಎಂದು ಎಲ್ಲರೂ ತಿಳಿದರು.

ವಾಪಸ್ಸು ಬರುವಾಗ ವೃಷಭಾವತಿ ತನ್ನ ಪೂರ್ತಿ ವೈಭವದಲ್ಲಿ ಮೂಗಿಗೆ ಬಡಿಯಿತು. ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಓನರಮ್ಮ ಜಗಲಿಯ ಮೇಲೆ ಮೊರ ಹಿಡಿದು ಅಕ್ಕಿ ಕೇರುತ್ತಿದ್ದರು. ಒಳಗೆ ಓನರಪ್ಪ ಟೀವಿ ನೋಡುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಬಾಟಲಿ ಗುರುತು ಹಿಡಿದದ್ದು, ಗೊತ್ತಿದ್ದೂ ಹಾಗೆ ಹೇಳಿದ್ದು, ಏಜೆಂಟ್ ಅದನ್ನು ಪಕ್ಕಕ್ಕಿಟ್ಟದ್ದು. ಅವರು ಕೇರುವುದನ್ನು ನಿಲ್ಲಿಸಿದರು.

"ಏನ್ ವಾಸ್ನೆ ಬಂತು ಅಂದೆ?"

"ಬೇವಿನ ಕಡ್ಡಿ ರೀ."

"ಹಲಸು ಬರ್ಲಿಲ್ಲ?"

"ಇಲ್ರಿ."

ಓನರಮ್ಮ ಮೊರವನ್ನು ಕೆಳಗಿಟ್ಟು, ಒಳಗೆ ತಿರುಗಿ, ನೀರು ಪೋಲಾದಾಗ ಕೂಗುವ ಅದೇ ಗಂಟಲಿನಲ್ಲಿ ಕೂಗಿದರು: "ರೀ! ಕೇಳಿಸ್ತಾ? ಹುಡ್ಗಿಗೆ ಮೂಗು ಬಂತು! ನಿಜವಾಗ್ಲೂ ಬಂತು!"

ಓನರಪ್ಪ ಒಳಗಿನಿಂದ "ಎಣ್ಣೆ ಏನಾಯ್ತೇ?" ಎಂದರು.

"ಎಣ್ಣೆ ಹಾಳಾಗೋಗ್ಲಿ, ಬನ್ರೀ ಇಲ್ಲಿ!" ಎಂದು ನನ್ನನ್ನು ಎಳೆದು ಪಕ್ಕ ಕೂರಿಸಿಕೊಂಡರು. "ಹಲಸು ಅಂದಿದ್ರೆ ನಾನು ನಂಬ್ತಿರ್ಲಿಲ್ಲ ಕಣೇ. ಅದು ನಾನು ಕಲಿಸಿದ್ದು. ಬೇಗ ಕೊಯ್ದಿದ್ದೀನಿ, ಬೇವೇ ಬರ್ಬೇಕು. ಅದು ನಿನ್ ಮೂಗೇ ಹೇಳಿದ್ದು" ಎಂದರು. ತಮ್ಮ ತಪ್ಪು ಸಿಕ್ಕಿಬಿದ್ದದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯರನ್ನು ನಾನು ಆಮೇಲೆ ನೋಡಿಲ್ಲ. ನಾನು ಅವರ ಹೆಗಲಿಗೆ ತಲೆ ಇಟ್ಟು ಎರಡನೇ ಸಲ ಅತ್ತೆ.

ಮರುದಿನ ನನ್ನ ಸಾಲನ್ನೂ ಅವರು ಕೊಯ್ದರು. ಅಷ್ಟರಲ್ಲಿ ಹೂವುಗಳು ಬೀಜಕ್ಕೆ ತಿರುಗುವುದರಲ್ಲಿದ್ದವು. ಒಂದೇ ಸಾಲಿಗೆ ಎಷ್ಟು ಎಣ್ಣೆ ಬಂದೀತು? ಕಣ್ಣಿಗೆ ಬಿಡುವ ಔಷಧಿಯ ಸೀಸೆಯಷ್ಟು. ಅದನ್ನು ನನ್ನ ಕೈಗಿಟ್ಟು, ಮುಚ್ಚುವ ಮೊದಲು ಇಬ್ಬರ ಮಣಿಕಟ್ಟಿಗೂ ಒಂದೊಂದು ಹನಿ ಹಚ್ಚಿದರು. ಈ ಸಲ ನನಗೆ ಗೊತ್ತಾಯಿತು. ನನ್ನ ಮೇಲೆ ಅದು ತೆಳುವಾಗಿ, ಸ್ವಲ್ಪ ಹುಳಿಯಾಗಿ ಬಂತು. ಅವರ ಮೇಲೆ ಹಲಸಿನ ಹಣ್ಣು, ಅದರೊಳಗೆ ಎಲೆಅಡಿಕೆ, ಸೌದೆ ಒಲೆಯ ಹೊಗೆ, ಬಿಸಿಲಿಗೆ ಕಾದ ಮಣ್ಣು... ಬಹಳ ಹೊತ್ತು ಅವರ ಕೈ ಹಿಡಿದುಕೊಂಡೇ ಇದ್ದೆ. "ಸಾಕು ಬಿಡೇ, ಕೈ ತಿಂದುಬಿಡ್ತೀಯಾ" ಎಂದು ನಕ್ಕರು.

ಮುಂದೆ ಮದುವೆಯಾಗಿ ಮಾರೇನಹಳ್ಳಿಯ ಕಡೆ ಬಂದೆ. ಸೆಂಟ್ ರೂಮಿನಲ್ಲಿ ವರ್ಷಗಟ್ಟಲೆ ದುಡಿದೆ, ಮನೆ ಕಟ್ಟಿದ್ದು, ಮಗಳನ್ನು ಓದಿಸಿದ್ದು ಎಲ್ಲ ಅದರಿಂದಲೇ. ಮೊದಮೊದಲು ಹಬ್ಬಕ್ಕೆ ಕೆಂಗೇರಿಗೆ ಹೋಗಿ ಬರುತ್ತಿದ್ದೆ. ಆಮೇಲೆ ಮಗು, ಕೆಲಸ ಎಂದು ಕಡಿಮೆಯಾಯಿತು. ಒಂದು ಸಲ ಹೋದಾಗ ಓನರಪ್ಪ ಒಬ್ಬರೇ ಜಗಲಿಯ ಮೇಲಿದ್ದರು. ಓನರಮ್ಮ ಹೋಗಿ ಆಗಲೇ ಕೆಲವು ತಿಂಗಳಾಗಿತ್ತು. ನನ್ನ ಫೋನ್ ನಂಬರು ಯಾರ ಹತ್ತಿರವೂ ಇರಲಿಲ್ಲವಂತೆ. ಹಿತ್ತಲಿನಲ್ಲಿ ತಳಪಾಯಕ್ಕೆ ಗುಂಡಿ ತೋಡಿದ್ದರು. ಓನರಪ್ಪ ಆ ಕಡೆ ನೋಡದೆ, "ಅವಳಿರೋ ತನಕ ಬಿಡ್ಲಿಲ್ಲಮ್ಮ" ಎಂದರು. ಈಗ ಅಲ್ಲಿ ಐದಂತಸ್ತು ನಿಂತಿದೆ.

ಆ ಸೀಸೆ ಇನ್ನೂ ನನ್ನ ಬೀರುವಿನಲ್ಲಿದೆ. ಎಣ್ಣೆ ಯಾವಾಗಲೋ ಆರಿಹೋಗಿ, ತಳದಲ್ಲಿ ಬೆಲ್ಲದ ಪಾಕದ ಕಲೆಯ ಹಾಗೆ ಏನೋ ಅಂಟಿಕೊಂಡಿದೆ. ಮೊನ್ನೆ ಮನೆಗೆ ಬಂದು, ಸೇವಂತಿಗೆಯನ್ನು ದೇವರಿಗಿಟ್ಟು, ಉಳಿದ ದವನವನ್ನು ಮಣಿಕಟ್ಟಿಗೆ ಉಜ್ಜಿಕೊಂಡೆ. ಬೇವಿನ ಕಡ್ಡಿ. ಮೊಗ್ಗಿನಲ್ಲೇ ಕೊಯ್ದದ್ದು, ನೆರಳಲ್ಲಿ ಬೆಳೆದದ್ದು, ನೀರು ಹೆಚ್ಚು ಕುಡಿದದ್ದು. ಅವರಿದ್ದಿದ್ದರೆ ಬೆಳೆದವನಿಗೆ ಬೈಗುಳದ ಸುರಿಮಳೆಯಾಗುತ್ತಿತ್ತು. ಇಷ್ಟೆಲ್ಲ ಹೇಳಬಲ್ಲ ಈ ಮೂಗನ್ನು ಕೊಟ್ಟವರು ಅವರೇ. ಅದಕ್ಕೆ ಈಗ ಎಲ್ಲ ವಾಸನೆಯೂ ಸಿಗುತ್ತದೆ, ವೃಷಭಾವತಿಯದೂ ಸೇರಿ. ಅವರ ಕೈ ಮೇಲೆ ಬರುತ್ತಿದ್ದ ದವನ ಮಾತ್ರ ಇನ್ನು ಯಾರ ಕೈ ಮೇಲೂ ಬರುವುದಿಲ್ಲ.